ಅದು ಬರೆಯ ಗುರುತಲ್ಲ

ಕಳೆದ ವಾರ, ಕಾರವಾರದ ಬಳಿ ಶಿರವಾಡದಲ್ಲಿ, ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಹುಲ್ಲು ಕೊಯ್ಯಿಸಿದರು. ಈಗ ಕತ್ತಿ ಹಿಡಿದು ಬಗ್ಗುವವರಿಲ್ಲ. ಹೆಗಲಿಗೆ ಪೆಟ್ರೋಲ್ ಮಷೀನು ತೂಗುಹಾಕಿಕೊಂಡ ಆಳೊಬ್ಬ ಬಂದು, ಎದೆಮಟ್ಟ ಬೆಳೆದಿದ್ದ ಕರಡದ ಹುಲ್ಲನ್ನೂ ಅದರ ನಡುವಿನ ಮುಳ್ಳುಪೊದೆಗಳನ್ನೂ ಒಂದೇ ಬೆಳಗಿನಲ್ಲಿ ನೆಲಕ್ಕೆ ಮಲಗಿಸಿದ. ಹಸಿಹುಲ್ಲಿನ ವಾಸನೆ ಕಿಟಕಿಯಿಂದ ನುಗ್ಗಿ ಮನೆಯನ್ನೆಲ್ಲ ತುಂಬಿತು. "ಎಷ್ಟು ಚಲೋ ವಾಸನೆ ಅಲ್ರಾ ಅತ್ತೆ?" ಎಂದಳು ನನ್ನ ಸೊಸೆ. ನಾನು ಎದ್ದು ಹೋಗಿ ಕಿಟಕಿಯನ್ನು ಬಡಿದು ಮುಚ್ಚಿದೆ. ಅವಳು ಬೆಚ್ಚಿದಳು. ಈ ವಯಸ್ಸಿನಲ್ಲಿ ಸಿಟ್ಟು ಒಳ್ಳೆಯದಲ್ಲ ಎಂದು ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಯಾರಿಗೆ ಒಳ್ಳೆಯದಲ್ಲ ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಆ ವಾಸನೆಯ ಜೊತೆಗೇ ನನಗೆ ಇನ್ನೊಂದು ವಾಸನೆ ಬರುತ್ತದೆ: ಉಪ್ಪು ಹಿಡಿದು ಬಿಸಿಲಿಗೆ ಬಿಗಿದ ಬಂಗಡೆಯದು. ಎರಡೂ ಕೂಡಿದರೆ ಒಬ್ಬ ಹೆಂಗಸಿನ ಬುಟ್ಟಿಯಾಗುತ್ತದೆ. ಬುಟ್ಟಿಯ ಹಿಂದೆ ಅವಳು ಬರುತ್ತಾಳೆ. ಅವಳ ಹಿಂದೆ, ಇಷ್ಟು ವರ್ಷ ಕಳೆದರೂ ಒಂದಿಷ್ಟೂ ತಣ್ಣಗಾಗದ ನನ್ನ ಸಿಟ್ಟು...

ಅಂಕೋಲೆಯಿಂದ ತುಸು ಒಳಗೆ, ಗುಡ್ಡದ ಬುಡದಲ್ಲಿದ್ದ ಕಾಲೊನಿಯೊಂದರ ಪ್ರಾಥಮಿಕ ಶಾಲೆಗೆ ನಾನು ಆಗ ಮುಖ್ಯಾಧ್ಯಾಪಕಿ. ಕಡಲ ದಂಡೆಯ ಊರು ಬಿಟ್ಟು ಬಂದ ಮೀನುಗಾರ ಕುಟುಂಬಗಳ ಕಾಲೊನಿ ಅದು. ಮರಳಿನ ಮೇಲೆ ಹುಟ್ಟಿ ಮರಳಿನ ಮೇಲೆ ಬೆಳೆದವರು ಅಲ್ಲಿ ಕೆಂಪು ಮಣ್ಣು, ಹುಲ್ಲು, ಪೊದೆಗಳ ನಡುವೆ ಬಂದು ಕೂತಿದ್ದರು. ಗಂಡಸರು ಬೆಳಗಾದರೆ ಬಂದರಿಗೆ ಹೋಗಿ ಬೇರೆಯವರ ಬೋಟು ಹತ್ತುತ್ತಿದ್ದರು. ಹೆಂಗಸರು ಮೀನು ಹೊತ್ತು ಊರೂರು ತಿರುಗುತ್ತಿದ್ದರು. ಅವರಲ್ಲಿ ಒಬ್ಬಳು ಈ ಒಣಮೀನಿನವಳು. ನಾನು ಬಾಡಿಗೆಗಿದ್ದ ಮನೆಯ ಬೇಲಿಯಾಚೆಗೇ ಅವಳ ಮನೆ. ನಾನು ಅವಳನ್ನು 'ತಂಗಿ' ಎನ್ನುತ್ತಿದ್ದೆ. ಅವಳು, ನಮ್ಮ ಕಡೆ ಶಾಲೆಯ ಹೆಂಗಸನ್ನು ಕರೆಯುವಂತೆ, ನನ್ನನ್ನು 'ಅಕ್ಕೋರೆ' ಎನ್ನುತ್ತಿದ್ದಳು.

ಗಂಗಾವಳಿ ಕಡಲು ಸೇರುವ ಮಂಜಗುಣಿ ಅವಳ ತವರು. ಕಪ್ಪಗೆ, ಗಿಡ್ಡಗೆ, ಗಟ್ಟಿಯಾಗಿದ್ದಳು. ಕಚ್ಚೆ ಹಾಕಿ ಉಟ್ಟ ಸೀರೆಯನ್ನು ಸೊಂಟದಲ್ಲಿ ಬಿಗಿಯಾಗಿ ಸುತ್ತಿ, ಎಡಗಡೆಗೆ ಎಲೆ ಅಡಿಕೆಯ ಸಂಚಿಯನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಒಣಮೀನಿನ ಬುಟ್ಟಿಯ ತಳಕ್ಕೆ ಎಲ್ಲರೂ ಹಳೆಯ ಚೀಲವನ್ನೋ ಪೇಪರನ್ನೋ ಹಾಸಿದರೆ, ಇವಳು ಒಣಗಿಸಿದ ಕರಡವನ್ನು ಹಾಸುತ್ತಿದ್ದಳು. ಮಳೆಗಾಲ ಮುಗಿದು ಹುಲ್ಲು ಬಲಿತೊಡನೆ ಕತ್ತಿ ಹಿಡಿದು ಕಾಲೊನಿಯ ಹಿಂದಿನ ಗುಡ್ಡ ಹತ್ತುವುದು, ಹೊರೆ ತಂದು ಅಂಗಳದಲ್ಲಿ ಹರವುವುದು, ಗರಿಗರಿಯಾದ ಮೇಲೆ ಬುಟ್ಟಿಗೆ ಒಂದು ಪದರ ಹುಲ್ಲು, ಒಂದು ಪದರ ಮೀನು. ದಂಡೆಯಲ್ಲಿದ್ದಾಗ ಈ ರೂಢಿ ಇರಲಿಲ್ಲವಂತೆ. ಅಲ್ಲಿ ಹುಲ್ಲೆಲ್ಲಿ? ಇಲ್ಲಿಗೆ ಬಂದ ಮೇಲೆ ತಾನೇ ಕಂಡುಕೊಂಡದ್ದು. ಆ ಮೀನು ತಂಪು ಹಿಡಿಯುತ್ತಿರಲಿಲ್ಲ, ಹುಳ ಬೀಳುತ್ತಿರಲಿಲ್ಲ. ಅಗಸೂರಿನ ಕಡೆಯ ಒಕ್ಕಲು ಮನೆಗಳವರು ಬೇರೆಯವರ ಬುಟ್ಟಿಯನ್ನು ಇಳಿಸಗೊಡದೆ ಇವಳಿಗಾಗಿ ಕಾಯುತ್ತಿದ್ದರು.

"ಮೀನು ಸ್ವಲ್ಪ ಒದ್ದೆ ಇದ್ದ ಹಾಗಿದೆಯಲ್ಲೇ ತಂಗಿ" ಎಂದು ನಾನು ಒಮ್ಮೆ ಕೊಸರಿದ್ದೆ.

"ಒದ್ದೆ ಆಗೂಕೆ ಅದೇನು ನಿಮ್ಮ ಶಾಲೆ ಮಾಡಿನ ಕೆಳಗೆ ಕೂತಿತ್ತಾ ಅಕ್ಕೋರೆ? ನನ್ನ ಬಂಗಡೆಗೆ ಹಾಸಿಗೆ ಅದೆ. ನಿಮ್ಮ ಮಕ್ಕಳಿಗೆ ಮಣೆನೂ ಇಲ್ಲ."

ನನ್ನ ಶಾಲೆಯ ಮಾಡು ಸೋರುವುದು ಕಾಲೊನಿಗೆಲ್ಲ ಗೊತ್ತಿತ್ತು. ತೂಕಕ್ಕಿಂತ ಎರಡು ಮೀನು ಹೆಚ್ಚಿಗೆ ಹಾಕಿ, ನನ್ನ ಮುಖ ನೋಡಿ ನಗುತ್ತ ಹೋದಳು.

ಇನ್ನು ಅವಳ ಅತ್ತೆಯ ವಿಷಯ ಹೇಳಬೇಕು. ಏಕೆಂದರೆ ಅನ್ಯಾಯವಾದದ್ದು ಒಬ್ಬಳಿಗಲ್ಲ. ಆ ಮುದುಕಿ ಬರೆ ಹಾಕುವವಳು. ಮಕ್ಕಳಿಗೆ ಜ್ವರ ಬಿಡದಿದ್ದರೆ, ಹೊಟ್ಟೆ ಉಬ್ಬರಿಸಿದರೆ, ಕಾಮಾಲೆ ಬಂದರೆ ಅವಳ ಹತ್ತಿರ ಕರೆತರುತ್ತಿದ್ದರು. ಅರಿಶಿನದ ಕೊಂಬಿನ ತುದಿಯನ್ನು ದೀಪದ ಕುಡಿಗೆ ಹಿಡಿದು, ಕೆಂಡವಾದೊಡನೆ ಹೊಟ್ಟೆಯ ಮೇಲೆ ಒತ್ತಿ ತೆಗೆಯುವುದು. ಬೆರಳ ತುದಿಯಷ್ಟು ದುಂಡಗಿನ ಸುಟ್ಟ ಗಾಯ. ಅದು ಕಪ್ಪಗೆ ಹಕ್ಕಳೆಗಟ್ಟಿ, ಉದುರಿ, ಬಿಳಿಚಿದ ವೃತ್ತವಾಗಿ ಜೀವಮಾನವಿಡೀ ಉಳಿಯುತ್ತದೆ. ಇದಕ್ಕಾಗಿ ಅವಳು ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಮಗು ಚೀರಿದರೆ ತಾನೂ ಅಳುತ್ತಿದ್ದಳು. ಇದು ಕ್ರೌರ್ಯವೆಂದೂ ಇದರಿಂದ ಯಾವ ರೋಗವೂ ಹೋಗುವುದಿಲ್ಲವೆಂದೂ ನಾನು ಶಾಲೆಯಲ್ಲಿ ವರ್ಷವರ್ಷವೂ ಭಾಷಣ ಮಾಡುತ್ತಿದ್ದೆ. ಇಂದಿಗೂ ನನ್ನ ಅಭಿಪ್ರಾಯ ಅದೇ. ಆದರೆ ಭಾಷಣದಿಂದ ಒಂದು ಮಗುವಿನ ಹೊಟ್ಟೆಯೂ ಉಳಿದಿರಲಿಲ್ಲ.

ಉಳಿಸಿದವಳು ಒಣಮೀನಿನವಳು. ಅವಳ ಮಗಳು ನಮ್ಮ ಶಾಲೆಯಲ್ಲಿ ಎರಡನೆಯ ಇಯತ್ತೆಯಲ್ಲಿದ್ದಾಗ ಜ್ವರ ಬಂತು. ಮುದುಕಿ ದೀಪ ಹಚ್ಚಿದಳು. ತಾಯಿ ಮಗುವನ್ನು ಎತ್ತಿಕೊಂಡು ಸೀದಾ ಶಾಲೆಯ ಜಗಲಿಗೆ ಬಂದಳು. ಹಿಂದೆಯೇ ಅತ್ತೆ, ಅತ್ತೆಯ ಹಿಂದೆ ಅರ್ಧ ಕಾಲೊನಿ.

"ನಿನ್ನ ಗಂಡನ ಹೊಟ್ಟೆ ಮೇಲೂ ನಾನೇ ಹಾಕಿದ್ದೆ ಗೋ. ಸತ್ತೋದ್ನಾ ಅವ?" ಎಂದು ಅತ್ತೆ ಅಂಗಳದಿಂದ ಕೂಗಿದಳು.

"ಸಾಯ್ಲಿಲ್ಲ. ಆದ್ರೆ ಮದುವಿಲಿ ಅರಿಶಿನ ಹಚ್ಚೂಕೆ ಬಂದ್ರೆ ಎರಡೂ ಕೈಯಲ್ಲಿ ಹೊಟ್ಟೆ ಮುಚ್ಕಂಡು ಕೂತಿದ್ದ. ನಾ ಮದುಮಗಳು, ನನ್ನ ಮರ್ಯಾದೆ ಹೋಯ್ತು!"

ಜಗಳ ನೋಡಲು ಬಂದವರೆಲ್ಲ ನಕ್ಕರು. ಅತ್ತೆಗೂ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ಬರೆ ಹಾಕುವುದು ಹೇಗೆ? ಮಗುವನ್ನು ನಾವಿಬ್ಬರೂ ಅಂಕೋಲೆಯ ದವಾಖಾನೆಗೆ ಕರೆದೊಯ್ದೆವು. ವಾಪಸು ಬರುವಾಗ ಅವಳು ಸೆರಗು ಸರಿಸಿ ತನ್ನ ಹೊಕ್ಕುಳ ಸುತ್ತಲಿನ ನಾಲ್ಕು ಬಿಳಿಯ ವೃತ್ತಗಳನ್ನು ನನಗೆ ತೋರಿಸಿದ್ದಳು. ಮಂಜಗುಣಿಯಲ್ಲಿ ಅಜ್ಜಿ ಹಾಕಿದ ಬರೆಗಳು. "ನಂದು ಇಲ್ಲಿಗೆ ಮುಗೀತು ಅಕ್ಕೋರೆ. ನನ್ನ ಹೊಟ್ಟಿಲಿ ಹುಟ್ಟಿದವಕ್ಕೆ ಇಲ್ಲ" ಎಂದಳು. ಆಮೇಲೆ ಬೇರೆ ತಾಯಂದಿರೂ ಅವಳ ಹಾದಿ ಹಿಡಿದರು. ಅರಿಶಿನದ ಕೊಂಬು ಬರಬರುತ್ತ ಡಬ್ಬಿಯಲ್ಲೇ ಉಳಿಯಿತು. ಇದನ್ನು ನಾನು ಒತ್ತಿ ಹೇಳುತ್ತಿದ್ದೇನೆ: ಆ ಕಾಲೊನಿಯಲ್ಲಿ ಬರೆ ನಿಂತದ್ದು ಇವಳಿಂದ. ಓದುವವರು ಇದನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ಚಿಕೂನ್‌ಗುನ್ಯ ಬಂದು ಮನೆಮನೆಯವರನ್ನು ಮಲಗಿಸಿ ಹೋದ ಮರುವರ್ಷ, ಮಳೆ ನಿಂತು ಕರಡ ಬಲಿತ ಕಾಲ. ಅವಳು ಎಂದಿನಂತೆ ಗುಡ್ಡ ಹತ್ತಿ ಹುಲ್ಲು ತಂದಳು, ಒಣಗಿಸಿದಳು, ಬುಟ್ಟಿಗೆ ಹಾಸಿದಳು. ಕೆಲವು ದಿನಗಳ ನಂತರ ಜ್ವರ ಬಂತು. ತಲೆ ಒಡೆದುಹೋಗುವ ನೋವು, ಕೆಂಡದಂಥ ಕಣ್ಣು. ಮಲೇರಿಯಾ ಅಲ್ಲವೆಂದರು, ಚಿಕೂನ್‌ಗುನ್ಯವೂ ಅಲ್ಲವೆಂದರು, ಮಾತ್ರೆ ಕೊಟ್ಟರು. ಜ್ವರ ಇಳಿಯಲಿಲ್ಲ. ಕಾರವಾರಕ್ಕೆ ಕರೆದೊಯ್ಯುವುದೆಂದು ನಿಶ್ಚಯವಾದ ಹಿಂದಿನ ದಿನ ಸಂಜೆ ನಾನು ಗಂಜಿ ತೆಗೆದುಕೊಂಡು ಹೋದಾಗ, ಅತ್ತೆ ಹಾಸಿಗೆಯ ಬಳಿ ದೀಪ ಹಚ್ಚಿಟ್ಟು ಅರಿಶಿನದ ಕೊಂಬು ಹಿಡಿದು ಕೂತಿದ್ದಳು. ಗದರಿಸಲು ನಾನು ಬಾಯಿ ತೆರೆಯುವ ಮೊದಲೇ ಸೊಸೆ ತಲೆ ಎತ್ತಿದಳು.

"ಬೇಡ ಅತ್ತೆ. ನಾಳೆ ಡಾಕ್ಟ್ರು ಹೊಟ್ಟೆ ನೋಡಿ ಹೊಸ ಬರೆ ಅಂತ ಬೈತ್ರು. ನಾ ಚಲೋ ಮೈಯಲ್ಲೇ ಹೋಗ್ತೆ."

ಮುದುಕಿ ದೀಪ ಆರಿಸಿ, ಕೊಂಬನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಇದನ್ನು ನಾನು ಕಣ್ಣಾರೆ ಕಂಡೆ.

ಕಾರವಾರದ ಆ ಖಾಸಗಿ ಆಸ್ಪತ್ರೆ ಈಗಿಲ್ಲ. ಅದರ ಜಾಗದಲ್ಲಿ ಬಟ್ಟೆಯಂಗಡಿಯಾಗಿದೆ. ನಾನು ಆ ಬೀದಿಯಲ್ಲಿ ಬಟ್ಟೆ ಕೊಳ್ಳುವುದಿಲ್ಲ. ಅಂದು ಬೆಳಿಗ್ಗೆ ಗಂಡ, ಅತ್ತೆ, ನಾನು ಮೂವರೂ ಅವಳನ್ನು ಅಲ್ಲಿಗೆ ಕರೆತಂದೆವು. ಪರೀಕ್ಷೆಯ ಕೋಣೆಗೆ ನನ್ನನ್ನು ಬಿಟ್ಟರು. ಅತ್ತೆ ಚಹದ ಥರ್ಮಾಸು ಹಿಡಿದು ಬಾಗಿಲಲ್ಲಿ ನಿಂತಳು. ನರ್ಸು ಸೊಂಟದ ಸೀರೆಯನ್ನು ಸಡಿಲಿಸಿದಳು. ಎಡಗಡೆ, ದಿನವೂ ಸಂಚಿ ಸಿಕ್ಕಿಸಿ ಬಿಗಿಯುತ್ತಿದ್ದ ಜಾಗದಲ್ಲಿಯೇ ಒಂದು ಗುರುತಿತ್ತು. ಬೆರಳ ತುದಿಯಷ್ಟು ದುಂಡಗೆ. ನಡುವೆ ಕಪ್ಪು ಹಕ್ಕಳೆ, ಸುತ್ತ ಕೆಂಪು ಅಂಚು. ನಾನು ಹತ್ತಿರ ಬಗ್ಗಿ ನೋಡಿದೆ. ಅವಳೂ ಬಗ್ಗಿ ನೋಡಿಕೊಂಡು ಬೆರಗಾದಳು. ನೋವಿಲ್ಲ, ತುರಿಕೆಯಿಲ್ಲ, ಇದೆಯೆಂದು ಅವಳಿಗೇ ತಿಳಿದಿರಲಿಲ್ಲ.

ಡಾಕ್ಟರರು ಅದನ್ನು ದೂರದಿಂದಲೇ ನೋಡಿದರು. ಬಗ್ಗಲಿಲ್ಲ, ಮುಟ್ಟಲಿಲ್ಲ.

"ಬಂತು ನೋಡಿ. ಮೊದಲು ಸುಡೋದು, ಆಮೇಲೆ ನಮ್ಮ ಹತ್ರ ತರೋದು."

"ಅದು ಬರೆ ಅಲ್ಲ ಡಾಕ್ಟ್ರೆ" ಎಂದಳು ಅವಳು.

"ಹೊಕ್ಕುಳ ಸುತ್ತ ಇರೋ ನಾಲ್ಕು?"

"ಅವು ಬರೆ. ಸಣ್ಣಿರುವಾಗ ಹಾಕಿದ್ದು. ಇದು ಅಲ್ಲ."

"ಹಾಗಾದ್ರೆ ಐದನೇದನ್ನ ದೇವ್ರು ಬಂದು ಹಾಕಿದ್ನಾ?"

ಕಂಪೌಂಡರ್ ನಕ್ಕ. ನರ್ಸೂ ನಕ್ಕಳು. ನಾನು, ಹಿಂದಿನ ಸಂಜೆ ಏನಾಯಿತೆಂಬುದನ್ನು ನಾನೇ ನೋಡಿದ್ದೇನೆ, ಇವಳು ಸುಳ್ಳು ಹೇಳುವವಳಲ್ಲ, ಇದು ಏನೆಂದು ದಯಮಾಡಿ ಇನ್ನೊಮ್ಮೆ ನೋಡಿ ಎಂದೆ. ಅವರು ನನ್ನ ಕಡೆ ತಿರುಗಿ, "ಟೀಚರ್ ಅಂತೀರಿ. ಇವರ ಜೊತೆ ಇದ್ದು ಇದ್ದು ನೀವೂ ಹೀಗಾದ್ರಾ?" ಎಂದರು. ಅನಂತರ ಬಾಗಿಲ ಕಡೆ ಬೆರಳು ತೋರಿಸಿ, "ಈ ಮುದುಕಿಯದೇ ಕೆಲಸ ಇರ್ಬೇಕು. ಹೊರಗೆ ಕಳಿಸಿ ಅದನ್ನ" ಎಂದರು. 'ಅವಳನ್ನು' ಎಂದೂ ಅಲ್ಲ, 'ಅದನ್ನ'. ಮುದುಕಿ ಥರ್ಮಾಸನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಹೋಗಿ, ಬೀದಿಯ ಬಿಸಿಲಿನಲ್ಲಿ ನಿಂತಳು.

ಅಲ್ಲಿಂದ ಮುಂದೆ ಎಲ್ಲವೂ ಆ ಒಂದು ನೋಟದ ಮೇಲೆಯೇ ನಡೆಯಿತು. ಸುಟ್ಟ ಗಾಯದಿಂದ ನಂಜು ಏರಿದೆ ಎಂದರು. ಗುರುತಿಗೆ ಮುಲಾಮು ಸವರಿ ಪಟ್ಟಿ ಕಟ್ಟಿದರು. ನಂಜು ಇಳಿಸುವ ಸೂಜಿ ಚುಚ್ಚಿದರು. ಜ್ವರ ಹಾಗೇ ಉಳಿಯಿತು. ಕಣ್ಣು ಹಳದಿಯಾಯಿತು, ಉಸಿರು ಮೇಲಕ್ಕೆ ಬಂತು. ರೌಂಡ್ಸಿಗೆ ಬಂದಾಗಲೆಲ್ಲ ಡಾಕ್ಟರರು ನಮಗೆ ಮೌಢ್ಯದ ಬಗ್ಗೆ ಪಾಠ ಹೇಳಿದರು. ಕೊನೆಗೆ, ಇನ್ನು ಇಲ್ಲಿ ಆಗುವುದಿಲ್ಲ, ಮಂಗಳೂರಿಗೆ ಒಯ್ಯಿರಿ ಎಂದು ಕೈ ತೊಳೆದುಕೊಂಡರು.

ಕಾರವಾರದಿಂದ ಮಂಗಳೂರಿಗೆ ಹೋಗುವ ದಾರಿ ಅಂಕೋಲೆಯ ಮೇಲೆಯೇ ಹಾಯುತ್ತದೆ. ಆಂಬುಲೆನ್ಸಿನಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತು. ಘಟ್ಟದ ತಿರುವುಗಳಲ್ಲಿ ಒಮ್ಮೆ ಕಣ್ಣು ಬಿಟ್ಟು ನನ್ನ ಕೈ ಹಿಡಿದಳು. "ಅತ್ತೆ ಹಾಕ್ಲಿಲ್ಲ ಅಕ್ಕೋರೆ... ಎಲ್ಲರಿಗೂ ಹೇಳಿ" ಎಂದಳು. ಹೇಳುತ್ತೇನೆ ಎಂದೆ. ಕಾಲೊನಿಯ ತಿರುವು ಬರುವ ಮೊದಲೇ... ಹೌದು, ಮೊದಲೇ. ಮುಂದೆ ಹೋಗುವ ಅಗತ್ಯ ಉಳಿಯಲಿಲ್ಲ. ಗಾಡಿ ಆ ತಿರುವಿನಲ್ಲಿ ಒಳಗೆ ತಿರುಗಿತು.

ಹೆಣ ಸುಟ್ಟ ಬೂದಿ ಆರುವ ಮೊದಲೇ ಪೇಪರಿನಲ್ಲಿ ಬಂತು: 'ಮೂಢನಂಬಿಕೆಗೆ ಮಹಿಳೆ ಬಲಿ'. ಬರೆ ಹಾಕಿಸಿಕೊಂಡ ಮೀನುಗಾರ ಮಹಿಳೆ ಸಾವು, ವೈದ್ಯರ ಎಚ್ಚರಿಕೆ. ಕಾಲೊನಿಗೆ ಬಂದು ಒಬ್ಬರನ್ನೂ ಪೇಪರಿನವರು ಕೇಳಿರಲಿಲ್ಲ. ಜೀವಮಾನದಲ್ಲಿ ಹೊಸ ಬರೆಗೆ ಹೊಟ್ಟೆಯೊಡ್ಡುವುದಿಲ್ಲ ಎಂದು ನಿಂತವಳು, ತನ್ನ ಮಗಳನ್ನು ಬಗಲಲ್ಲಿ ಎತ್ತಿಕೊಂಡು ಓಡಿಬಂದವಳು, ಅಚ್ಚಿನಲ್ಲಿ ಬರೆಗೆ ಬಲಿಯಾದವಳಾದಳು. ಓದಿದವರು ಓದದವರಿಗೆ ಓದಿ ಹೇಳಿದರು. ನಾನು ಮನೆಮನೆಗೆ ಹೋಗಿ, ಮುದುಕಿ ಕೊಂಬನ್ನು ಡಬ್ಬಿಗೆ ಹಾಕಿದ್ದನ್ನು ಕಂಡಿದ್ದೇನೆ ಎಂದೆ. "ನೀವು ಎದ್ದು ಹೋದ ಮೇಲೆ ಹಾಕಿರ್ಬಹುದು ಅಕ್ಕೋರೆ. ಗುರುತು ಇತ್ತಲ್ರಾ?" ಎಂದರು. ಗುರುತು ಇತ್ತು. ಅದು ಏನೆಂದು ಹೇಳಲು ನನಗೆ ತಿಳಿದಿರಲಿಲ್ಲ. ಏನಲ್ಲ ಎಂಬುದಷ್ಟೇ ತಿಳಿದಿತ್ತು, ಅಷ್ಟು ಸಾಲಲಿಲ್ಲ.

ಗಂಡ ತಾಯಿಯ ಕೈಯ ನೀರು ಕುಡಿಯುವುದನ್ನು ಬಿಟ್ಟ. ಮುದುಕಿ ಹಿತ್ತಲ ಮೂಲೆಯಲ್ಲಿ ಬೇರೆ ಒಲೆ ಹೂಡಿಕೊಂಡಳು. ಮೊಮ್ಮಗಳನ್ನು ಅವಳ ಹತ್ತಿರ ಬಿಡುತ್ತಿರಲಿಲ್ಲ. ಅವಳು ಯಾರೊಡನೆಯೂ ವಾದಿಸಲಿಲ್ಲ... ನಾನು ನಿವೃತ್ತಳಾಗಿ ಶಿರವಾಡಕ್ಕೆ ಬಂದೆ.

ಕೆಲವು ವರ್ಷಗಳ ಮೇಲೆ ನನಗೇ ಜ್ವರ ಬಂತು. ಹಿತ್ತಲ ಬೇಲಿಯ ಪೊದೆಗಳಲ್ಲಿ ಕೈಯಾಡಿಸಿ ಪೂಜೆಗೆ ಹೂ ಕೊಯ್ಯುವುದು ನನ್ನ ಅಭ್ಯಾಸ. ಅದೇ ತಲೆನೋವು, ಅದೇ ಕೆಂಪು ಕಣ್ಣು. ಊರಿಗೆ ಹೊಸದಾಗಿ ಬಂದಿದ್ದ ಎಳೆಯ ವಯಸ್ಸಿನ ಡಾಕ್ಟರಮ್ಮನ ಬಳಿಗೆ ಮಗ ಕರೆದೊಯ್ದ. ಆಕೆ ಜ್ವರ ಎಷ್ಟು ದಿನದ್ದು ಎಂದು ಕೇಳಿ, ಹುಲ್ಲು ಪೊದೆಗಳಲ್ಲಿ ಓಡಾಡಿದ್ದಿರಾ ಎಂದು ಕೇಳಿ, ಪರದೆ ಎಳೆದು ನನ್ನ ಮೈಯನ್ನೆಲ್ಲ ಹುಡುಕತೊಡಗಿದರು. ಕಂಕುಳಲ್ಲಿ, ರವಕೆಯ ಹೊಲಿಗೆ ಬಿಗಿಯುವಲ್ಲಿ, ಅವರ ಬೆರಳು ನಿಂತಿತು.

"ಸಿಕ್ತು!"

ನಾನು ಬಗ್ಗಿ ನೋಡಿದೆ. ದುಂಡಗೆ, ನಡುವೆ ಕಪ್ಪು, ಸುತ್ತ ಕೆಂಪು. ಯಾರೂ ಕೇಳದಿದ್ದರೂ ನನ್ನ ಬಾಯಿಂದ ಮಾತು ಬಂತು: "ಡಾಕ್ಟ್ರೆ, ಅದು ಬರೆ ಅಲ್ಲ."

"ಅಲ್ಲ ಅಂತ ಗೊತ್ತು ಅಮ್ಮ" ಎಂದರು ಆಕೆ.

ಇಷ್ಟೇ ಮಾತು. ಇದನ್ನು ಹೇಳುವವರು ಒಬ್ಬರು ಅಂದು ಕಾರವಾರದ ಆ ಕೋಣೆಯಲ್ಲಿ ಇದ್ದಿದ್ದರೆ! ನಾನು ಆ ಮಂಚದ ಮೇಲೆ ಕೂತು ಅತ್ತುಬಿಟ್ಟೆ. ಡಾಕ್ಟರಮ್ಮ ರೋಗಕ್ಕೆ ಹೆದರಿದ್ದೇನೆಂದುಕೊಂಡು ಬೆನ್ನು ಸವರಿದರು. ನಾನು ಅತ್ತದ್ದು ಸಿಟ್ಟಿನಿಂದ.

ಅವರು ಬಿಡಿಸಿ ಹೇಳಿದ್ದನ್ನು ನಾನು ಎಂದೂ ಮರೆತಿಲ್ಲ. ಹುಲ್ಲಿನಲ್ಲಿ, ಪೊದೆಯಲ್ಲಿ ಒಂದು ಬಗೆಯ ನುಸಿ ಇರುತ್ತದೆ. ತೆಂಗಿನ ಕಾಯಿಯನ್ನು ಹಾಳುಮಾಡುವ ನುಸಿಯ ಹೆಸರನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಇದು ಆ ಕುಲದ್ದೇ ಇನ್ನೊಂದು. ಅದರ ಮರಿ ಕಣ್ಣಿಗೆ ಕಾಣದಷ್ಟು ಸಣ್ಣದು. ಹುಲ್ಲಿನ ತುದಿಯಲ್ಲಿ ಕಾದಿದ್ದು ಹಾಯುವವರ ಮೈಗೆ ಹತ್ತಿ, ಬಟ್ಟೆ ಬಿಗಿಯಾಗಿರುವ ಜಾಗ ಸಿಗುವ ತನಕ ಹರಿದು, ಅಲ್ಲಿ ಕಚ್ಚುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ. ತನ್ನ ಆಯುಷ್ಯದಲ್ಲಿ ಅದು ಹೀಗೆ ಮೈಯ ಮೇಲೆ ಕೂತು ಉಣ್ಣುವುದು ಒಂದೇ ಸಲ. ದೊಡ್ಡದಾದ ಮೇಲೆ ಮಣ್ಣಿನಲ್ಲೇ ಬದುಕಿಕೊಂಡಿರುತ್ತದೆ. ಆ ಒಂದು ಊಟದಲ್ಲಿ, ನುಸಿಯ ಮೈಯೊಳಗೆ ವಾಸವಾಗಿರುವ ಬ್ಯಾಕ್ಟೀರಿಯಾ ನಮ್ಮೊಳಗೆ ಇಳಿಯುತ್ತದೆ. ಇಳಿದ ಜಾಗ ಸುಟ್ಟಂತೆ ಕಪ್ಪಾಗುತ್ತದೆ. "ಎಲ್ಲರಿಗೂ ಈ ಗುರುತು ಬರೂದಿಲ್ಲ ಅಮ್ಮ. ಬಂದ್ರೆ ನಮ್ಮ ಪುಣ್ಯ. ರೋಗ ತಾನೇ ಸಹಿ ಹಾಕಿ ಹೋದ ಹಾಗೆ" ಎಂದರು. ಅವಳ ಮೈಮೇಲೆ ಆ ಸಹಿ ಇತ್ತು. ಸೀರೆ ಸಡಿಲಿಸಿ, ಬೆಳಕಿನಲ್ಲಿ, ಓದು ಎಂದು ಎದುರಿಗೇ ಹಿಡಿದಿದ್ದೆವು.

ಆ ಬ್ಯಾಕ್ಟೀರಿಯಾ ನುಸಿಗೆ ಎಲ್ಲಿಂದ ಬಂತು ಎಂದು ಕೇಳಿದೆ. ತಾಯಿಯಿಂದ ಎಂದರು. ತಾಯಿ ನುಸಿಯ ಮೈಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ, ಆ ಮರಿ ತಾಯಿಯಾದಾಗ ಅದರ ಮೊಟ್ಟೆಗೆ. ಹೀಗೆ ಪೀಳಿಗೆಯಿಂದ ಪೀಳಿಗೆಗೆ. ಹೊತ್ತ ನುಸಿ ತನ್ನ ಪಾಡಿಗೆ ಬದುಕಿಕೊಂಡೇ ಇರುತ್ತದೆ; ಸಾಯುವವರು ಅದು ಕಚ್ಚಿದವರು. ಇದಕ್ಕೆ ಔಷಧಿ? ಬಲು ಹಳೆಯದು, ಎಲ್ಲ ಔಷಧಿ ಅಂಗಡಿಗಳಲ್ಲಿ ಸಿಗುವ ಒಂದು ಗುಳಿಗೆ. ನನ್ನ ಜ್ವರ ಮರುದಿನವೇ ಇಳಿಯತೊಡಗಿತು. ಜ್ವರ ಇಳಿದಂತೆ ನನ್ನ ಸಿಟ್ಟು ಏರಿತು.

ಅಂದು ಅವಳನ್ನು ನೋಡಿದ್ದ ಆ ದೊಡ್ಡ ಡಾಕ್ಟರರು ಅಷ್ಟು ಹೊತ್ತಿಗೆ ವೃತ್ತಿಯಿಂದ ನಿವೃತ್ತರಾಗಿ ಸಭೆ ಸಮಾರಂಭಗಳ ಮನುಷ್ಯರಾಗಿದ್ದರು. ಕಾರವಾರದ ಒಂದು ಸಭಾಂಗಣದಲ್ಲಿ ಅವರ ಉಪನ್ಯಾಸವಿದೆಯೆಂದು ತಿಳಿಯಿತು. ವಿಷಯ, ಮೌಢ್ಯ ನಿವಾರಣೆ. ನಾನು ಮುಂದಿನ ಸಾಲಿನಲ್ಲೇ ಕೂತೆ. ಬರೆ ಹಾಕುವವರ ವಿಷಯಕ್ಕೆ ಬಂದಾಗ ಅವರು ದನಿ ಏರಿಸಿ, ತಮ್ಮ ಕೈಯಲ್ಲೇ ಒಬ್ಬ ಮೀನುಗಾರ ಹೆಂಗಸು ಹೀಗೆ ಸತ್ತಳೆಂದರು. ನಾನು ಎದ್ದು ನಿಂತೆ. ಅದು ಬರೆಯಲ್ಲ, ನುಸಿ ಕಚ್ಚಿದ ಗುರುತು. ಆ ಜ್ವರಕ್ಕೆ ಹೆಸರಿದೆ, ಗುಳಿಗೆಯಿದೆ. ಬರೆ ಬೇಡವೆಂದು ಊರನ್ನೇ ಎದುರಿಸಿದವಳು ಅವಳು. ನೀವು ಅವಳ ಮಾತನ್ನು ನಂಬಲಿಲ್ಲ ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು. "ಆಗ ನಮ್ಮ ಕಡೆ ಆ ರೋಗ ಇದೆ ಅಂತ ಯಾರಿಗೆ ಗೊತ್ತಿತ್ತು ಹೇಳಿ?" ಎಂದರು. ಆಮೇಲೆ, ತೀರ ಸಹಜವಾಗಿ, "ಅಂದ ಹಾಗೆ, ನೀವು ಹೇಳೋದು ಯಾವ ಹೆಂಗಸು?" ಎಂದರು.

ಒಂದು ಗಳಿಗೆಯ ಹಿಂದೆ ಅವಳ ಸಾವನ್ನು ಉದಾಹರಣೆಯಾಗಿ ಉಪಯೋಗಿಸಿದ ಬಾಯಿ ಅದು. ಅವಳ ಮುಖ ಅವರಿಗೆ ನೆನಪಿರಲಿಲ್ಲ.

ನ್ಯಾಯವಾಗಿಯೇ ಹೇಳುತ್ತೇನೆ. ಆ ರೋಗ ಗೊತ್ತಿಲ್ಲದಿದ್ದದ್ದು ಅವರ ತಪ್ಪಲ್ಲ. ನನಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದವನು ಕೇಳುತ್ತಾನೆ. ಇವರು ಕೇಳಲಿಲ್ಲ, ಏಕೆಂದರೆ ಇವರಿಗೆ ಗೊತ್ತಿತ್ತು: ಮೀನು ಮಾರುವವಳು, ಕಚ್ಚೆ ಉಟ್ಟವಳು, ಹೊಟ್ಟೆಯ ಮೇಲೆ ನಾಲ್ಕು ಹಳೆಯ ಬರೆ ಇರುವವಳು ಎಂಥವಳೆಂಬುದು ಅವಳು ಬಾಯಿ ತೆರೆಯುವ ಮೊದಲೇ ಗೊತ್ತಿತ್ತು. ಆ ತಿಳಿವಳಿಕೆಯನ್ನು ಅವರು ಯಾವ ಕಾಲೇಜಿನಲ್ಲೂ ಕಲಿತದ್ದಲ್ಲ. ಹಿರಿಯರಿಂದ ಕಿರಿಯರಿಗೆ, ಮನೆಯಿಂದ ಮನೆಗೆ, ಮೊಟ್ಟೆಯಲ್ಲೇ ಇಳಿದು ಬರುವಂಥದು ಅದು. ಹೊತ್ತವರಿಗೆ ಅದರಿಂದ ಯಾವ ಬಾಧೆಯೂ ಇಲ್ಲ.

ಮರುದಿನ ನಾನು ಕಾಲೊನಿಗೆ ಹೋದೆ. ಗಂಡ ಜಗಲಿಯಲ್ಲಿ ಬಲೆಯ ಹರಕು ಹೆಣೆಯುತ್ತಿದ್ದ. ಮುದುಕಿ ಹಿತ್ತಲಿನ ತನ್ನ ಒಲೆಯ ಮುಂದಿದ್ದಳು. ಬೆನ್ನು ಪೂರಾ ಬಾಗಿತ್ತು. ಇಬ್ಬರಿಗೂ ಕೇಳುವಂತೆ ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ರವಕೆಯ ತೋಳು ಸರಿಸಿ ನನ್ನ ಕಂಕುಳಿನ ಗುರುತನ್ನೂ ತೋರಿಸಿದೆ. ಮುದುಕಿ ಹತ್ತಿರ ಬಂದು ಬೆರಳಿಟ್ಟು ನೋಡಿದಳು. ಅಷ್ಟು ಬರೆಗಳನ್ನು ಹಾಕಿದ ಬೆರಳು ಅದು.

"ಹಂಗಾರೆ ನಾ ಅಲ್ಲ" ಎಂದಳು. ಪ್ರಶ್ನೆಯಂತೆಯೂ ಇರಲಿಲ್ಲ, ಸಮಾಧಾನದಂತೆಯೂ ಇರಲಿಲ್ಲ.

"ನೀವಲ್ಲ" ಎಂದೆ.

"ನಾ ಹಾಕ್ಲಿಲ್ಲ ಅಂತ ಅವ್ಳೊಬ್ಳಿಗೆ ಪೂರಾ ಗೊತ್ತಿತ್ತು ಅಕ್ಕೋರೆ. ನನ್ನ ಸಾಕ್ಷಿ ಅವ್ಳೊಬ್ಳೇ. ಅವ್ಳೇ ಹೋದ್ಲು." ಒಲೆಯ ಕಡೆ ತಿರುಗಿ ಮುಂದುವರಿಸಿದಳು, "ಎಲ್ಲರೂ ಹೇಳಿ ಹೇಳಿ, ನಾನೇ ಹಾಕಿದ್ನೋ ಏನೋ ಅಂತ ನಂಗೂ ಅನ್ಸೂಕೆ ಹತ್ತಿತ್ತು. ಅರಿಶಿನ ಕೈಯಲ್ಲಿ ಹಿಡಿಯೂದೇ ಬಿಟ್ಟೆ. ಸಾರಿಗೂ ಹಾಕೂದಿಲ್ಲ."

ಜಗಲಿಯಲ್ಲಿ ಬಲೆಯ ಸೂಜಿ ನಿಂತಿತ್ತು. ಗಂಡ ಎದ್ದು ಬಂದು, ನಮ್ಮಿಬ್ಬರ ಮುಖವನ್ನೂ ನೋಡದೆ, ತಾಯಿಯ ಒಲೆಯ ಪಕ್ಕದ ಕೊಡದಲ್ಲಿ ಚೊಂಬು ಅದ್ದಿ ನೀರು ಕುಡಿದ. ಕುಡಿದು ಮುಗಿದ ಮೇಲೂ ಚೊಂಬನ್ನು ಬಾಯಿಯಿಂದ ತೆಗೆಯದೆ ನಿಂತೇ ಇದ್ದ... ಮುದುಕಿ ಒಲೆಗೆ ಕಟ್ಟಿಗೆ ಮುಂದೂಡಿದಳು. ನಾನು ಹೊರಟು ಬಂದೆ.

ಪೇಪರಿನವರ ಹತ್ತಿರವೂ ಹೋದೆ. ಅಂದು ಬರೆದದ್ದು ಸುಳ್ಳು, ಈಗ ನಿಜವನ್ನು ಹಾಕಿ ಎಂದೆ. "ಹಳೇ ಸುದ್ದಿ ಅಕ್ಕೋರೆ. ಈಗ ಯಾರು ಓದ್ತಾರೆ?" ಎಂದು ಚಹ ತರಿಸಿದರು. ಚಹ ಕುಡಿಯದೆ ಎದ್ದು ಬಂದೆ. ಸುಳ್ಳಾಗಿದ್ದಾಗ ಹೊಸ ಸುದ್ದಿ, ನಿಜವಾದೊಡನೆ ಹಳೆಯದು. ಮುದುಕಿ ಈಗಿಲ್ಲ. ಮಗಳು ಓದಿ, ಮದುವೆಯಾಗಿ, ಗೋವೆಯ ಕಡೆ ಇದ್ದಾಳೆ. ಅವಳ ಹೊಟ್ಟೆಯ ಮೇಲೆ ಒಂದೇ ಒಂದು ಬರೆಯೂ ಇಲ್ಲ. ಎಲ್ಲರಿಗೂ ಹೇಳುತ್ತೇನೆಂದು ಆಂಬುಲೆನ್ಸಿನಲ್ಲಿ ಕೊಟ್ಟ ಮಾತಿನಲ್ಲಿ ಉಳಿದದ್ದು ಅಚ್ಚಿನಲ್ಲಿ ಹೇಳುವುದಷ್ಟೇ. ಅದನ್ನು ಇಲ್ಲಿ ಹೇಳಿದ್ದೇನೆ.

ಕಳೆದ ವಾರ ಆ ಮಷೀನಿನ ಆಳು ನೀರು ಕೇಳಲು ಬಂದಾಗ, ಬಿಸಿನೀರಿನಲ್ಲಿ ಸ್ನಾನ ಮಾಡು, ಬಟ್ಟೆಯನ್ನು ಕುದಿಸಿ ಒಗೆ, ಸೊಂಟ ಕಂಕುಳನ್ನು ನೋಡಿಕೋ, ಕಪ್ಪು ಗುರುತು ಕಂಡು ಜ್ವರ ಬಂದರೆ ನನ್ನ ಹತ್ತಿರ ಬಾ, ಡಾಕ್ಟರಮ್ಮನ ಬಳಿಗೆ ನಾನೇ ಕರೆದೊಯ್ಯುತ್ತೇನೆ ಎಂದು ಗದರಿಸಿದೆ. ಅವನು ಸೊಸೆಯ ಕಡೆ ನೋಡಿ ಬಾಯಿ ಮುಚ್ಚಿಕೊಂಡು ನಕ್ಕ. ನಗಲಿ.

ಒಣಮೀನು ಈಗ ಅಂಗಡಿಯಲ್ಲಿ ಪ್ಲಾಸ್ಟಿಕ್ ಪ್ಯಾಕೆಟ್ಟಿನಲ್ಲಿ ಬರುತ್ತದೆ. ನಿನ್ನೆ ಸೊಸೆ ತಂದ ಬಂಗಡೆಯನ್ನು ಬಿಡಿಸಿ ತಟ್ಟೆಗೆ ಹಾಕುತ್ತಿದ್ದೆ. ಮೀನು ಮುಗಿದ ಮೇಲೂ ನನ್ನ ಕೈ ಆ ಚೀಲದ ತಳದಲ್ಲಿ ಏನನ್ನೋ ತಡಕುತ್ತಿತ್ತು. ಏನು ಹುಡುಕ್ತೀರಿ ಎಂದು ಅವಳು ಕೇಳಿದಳು. ನಾನು ಕೈಯನ್ನು ಹೊರಗೆ ತೆಗೆದೆ. ಬೆರಳಿಗೆ ಉಪ್ಪು ಹತ್ತಿತ್ತು. ಹುಲ್ಲು ಇರಲಿಲ್ಲ.